ಕುಲ್ದಾರನ ಕೈ

ಲೆಪಿಕು ಊರಿನಲ್ಲಿ ಯಾರಾದರೂ ಮೈ ಬಗ್ಗಿಸಿ ದುಡಿಯಲು ಹಿಂದೇಟು ಹಾಕಿದರೆ ಅವರಿಗೆ ಕೇಳಿಸುತ್ತಿದ್ದ ಮಾತು ಒಂದೇ: "ಏನಪ್ಪ, ನಿಂದೂ ಕುಲ್ದಾರನ ಕೈನಾ?" ಸೌದೆ ಒಡೆಯಲು ಒಲ್ಲದ ಅಳಿಯನಿಗೂ ಅದೇ, ಸಗಣಿ ಬಾಚುವಾಗ ಮೂಗು ಮುಚ್ಚಿಕೊಳ್ಳುವ ಸೊಸೆಗೂ ಅದೇ. ಹಂಗಿಸುವ ಮಾತು ನಿಜ, ಆದರೆ ಹೇಳುವಾಗ ಹೇಳುವವರ ಎದೆ ಒಂದಿಷ್ಟು ಉಬ್ಬುತ್ತಿತ್ತು. ಆ ಕೈಯನ್ನು ಊರೇ ನಿಂತು ಕಾಪಾಡಿತ್ತು. ಪ್ಯಾರಿಸ್ಸಿನಲ್ಲಿ, ಟೋಕಿಯೊದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದುದು ಆ ಕೈಗೆ.

ಈ ಕಾವಲು ಶುರುವಾದದ್ದು ಸೋವಿಯತ್ ಕಾಲದಲ್ಲಿ, ಕುಲ್ದಾರ್ ವಾರಿಕ್ ಏಳು ವರ್ಷದವನಿದ್ದಾಗ. ಸಂಗೀತ ಶಾಲೆಯ ಪಿಯಾನೊ ಟೀಚರು ಅವನ ತಾಯಿಯನ್ನು ಹತ್ತಿರದ ವಿಲ್ಯಂದಿ ಪಟ್ಟಣಕ್ಕೆ ಕರೆಸಿ, "ಈ ಮಗುವಿನ ಕೈಗೆ ಏನೂ ಆಗಕೂಡದು, ನೋಡ್ಕೊಳ್ಳಿ" ಅಂದರು. ತಾಯಿ ಸಾಮೂಹಿಕ ಕೃಷಿ ಸಂಘದ ಕೊಟ್ಟಿಗೆಯಲ್ಲಿ ಹಾಲು ಕರೆಯುವವಳು. ಓದಿದವರು ಹೇಳಿದ್ದನ್ನು ಹೇಳಿದ ಹಾಗೇ ಪಾಲಿಸುವ ಹೆಂಗಸು. ಅಂದಿನಿಂದ ಮಗ ಕೊಡಲಿ ಮುಟ್ಟಲಿಲ್ಲ, ಬಕೆಟ್ ಎತ್ತಲಿಲ್ಲ, ಹಿಮ ಬಾಚಲು ಸಲಿಕೆ ಹಿಡಿಯಲಿಲ್ಲ. ಅವನ ಪಾಲಿನದನ್ನೆಲ್ಲ ಐದು ವರ್ಷ ದೊಡ್ಡವಳಾದ ಅಕ್ಕ ಹೆಲ್ಗಿ ಎತ್ತಿದಳು. ಹೆಲ್ಗಿಯೂ ಅದೇ ಪಿಯಾನೊದ ಮುಂದೆ ಕೂತು ಮೂರು ವರ್ಷ ಕಲಿತವಳೇ. ಒಂದು ಮನೆಯಲ್ಲಿ ಎರಡು ಜೊತೆ ಕೈಗಳನ್ನು ಕೆಲಸಕ್ಕೆ ಹಚ್ಚದೆ ಇಡಲು ಆಗುವುದಿಲ್ಲವೆಂದು ತಾಯಿ ಅವಳ ಪಾಠ ಬಿಡಿಸಿದಳು. ಅದನ್ನು ಯಾರೂ ಅನ್ಯಾಯ ಅನ್ನಲಿಲ್ಲ, ಹೆಲ್ಗಿಯೂ ಅನ್ನಲಿಲ್ಲ.

ಸೆಪ್ಟೆಂಬರ್ ಬಂತೆಂದರೆ ಆಲೂಗಡ್ಡೆ ಕೀಳುವ ಕಾಲ. ಅದಕ್ಕೆ ಚಕ್ಕರ್ ಹೊಡೆದವರನ್ನು ನಮ್ಮ ಕಡೆ ಯಾರೂ ಮರೆಯುವುದಿಲ್ಲ. ರಾಜಧಾನಿ ತಾಲಿನ್ನಿನಲ್ಲಿ ನ್ಯಾಯಾಧೀಶನಾಗಿ ಕೂತವನೂ ಆ ಶನಿವಾರ ರಬ್ಬರ್ ಬೂಟು ಹಾಕಿಕೊಂಡು ತಾಯಿಯ ಹೊಲಕ್ಕೆ ಇಳಿಯಲೇಬೇಕು. ಶಾಲೆಯ ಮಕ್ಕಳನ್ನೆಲ್ಲ ಸಾಲುಗಟ್ಟಿ ಸಂಘದ ಹೊಲಕ್ಕೆ ಅಟ್ಟುತ್ತಿದ್ದ ದಿನಗಳಲ್ಲಿ ಕುಲ್ದಾರ್ ಒಬ್ಬನಿಗೆ ಮಾತ್ರ ಅಧ್ಯಕ್ಷನೇ ರುಜು ಹಾಕಿದ ವಿನಾಯಿತಿ ಚೀಟಿ. ಉಳಿದವರು ಕೆಸರಿನಲ್ಲಿ ಬಗ್ಗಿರುವಾಗ ಅವನು ಒಲೆ ಉರಿಯುವ ಕೋಣೆಯಲ್ಲಿ ಕೂತು ಅದೇ ಎಂಟು ಸ್ವರಗಳನ್ನು ಮೇಲಕ್ಕೂ ಕೆಳಕ್ಕೂ ಓಡಿಸುತ್ತಿದ್ದ. ಕಿಟಕಿಯಾಚೆಗೆ ಅಕ್ಕನ ಬೆನ್ನು ಕಾಣುತ್ತಿತ್ತು.

ಕೈ ಊರಿನ ಸಾಲ ತೀರಿಸಿತು ಅನ್ನಬೇಕು. ತಾಲಿನ್ ಆಯಿತು, ಮಾಸ್ಕೋ ಆಯಿತು, ಲೈಪ್‌ಜಿಗ್‌ನಲ್ಲಿ ದೊಡ್ಡ ಬಹುಮಾನ ಬಂತು. ಗಡಿ ತೆರೆದ ಮೇಲೆ ಕುಲ್ದಾರ್ ಹ್ಯಾಂಬರ್ಗ್‌ನಲ್ಲಿ ಮನೆ ಮಾಡಿ ಅಲ್ಲಿಂದ ಲೋಕ ತಿರುಗಿದ. ವರ್ಷಕ್ಕೆ ಎಪ್ಪತ್ತು ಎಂಬತ್ತು ಸಂಗೀತ ಕಚೇರಿ. ಎರಡು ಮದುವೆ ಮಾಡಿಕೊಂಡ, ಎರಡನ್ನೂ ಪಿಯಾನೊ ನುಂಗಿತು. ಹೆಲ್ಗಿ ಊರಿನ ಅಂಚೆ ಹಂಚುವ ಕೆಲಸಕ್ಕೆ ಸೇರಿದ್ದಳು. ಅವಳ ಸೈಕಲ್ಲು ಯಾವ ಗೇಟಿನ ಮುಂದೆ ನಿಂತರೂ ಮೊದಲ ಪ್ರಶ್ನೆ, "ನಿನ್ನ ತಮ್ಮ ಈಗ ಎಲ್ಲಿ ನುಡಿಸ್ತಿದಾನೆ?" ಅವಳ ಚೀಲದಲ್ಲಿ ಅವನು ಕಳಿಸಿದ ಹೊಸ ಕಾರ್ಡು ಸದಾ ಮೇಲೆಯೇ ಇರುತ್ತಿತ್ತು.

ಐವತ್ತೊಂದನೆಯ ವಯಸ್ಸಿನಲ್ಲಿ, ವಿಯೆನ್ನಾದ ಒಂದು ಸಂಜೆ, ಎಳೆ ಮಗುವೂ ನುಡಿಸಬಹುದಾದಂಥ ನಿಧಾನದ ಜಾಗದಲ್ಲಿ ಅವನ ಬಲಗೈಯ ಉಂಗುರದ ಬೆರಳು ತನ್ನಷ್ಟಕ್ಕೆ ತಾನೇ ಒಳಕ್ಕೆ ಮಡಚಿಕೊಂಡಿತು. ಆರು ತಿಂಗಳಲ್ಲಿ ಕಿರುಬೆರಳೂ ಅದರ ಹಿಂದೆ ಹೋಯಿತು. ಹ್ಯಾಂಬರ್ಗ್‌ನ ವೈದ್ಯ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಬೆರಳಿನಲ್ಲಿ ದೋಷವಿಲ್ಲ, ಮಿದುಳು ಆ ಬೆರಳುಗಳ ಹಿಡಿತ ಬಿಟ್ಟಿದೆ, ಅತಿಯಾಗಿ ಸಾಧನೆ ಮಾಡಿದವರಿಗೆ ಹೀಗಾಗುತ್ತದೆ, ಮದ್ದಿಲ್ಲ ಎಂದ. ಕುಲ್ದಾರ್ ಹೊರಗೆ ಬಂದು ಬೀದಿಯಲ್ಲಿ ನಿಂತು ನಕ್ಕ. ಊರೆಲ್ಲ ಕೊಡಲಿ, ಕುಡುಗೋಲು, ಬಕೆಟ್ಟುಗಳಿಂದ ಕಾಪಾಡಿದ್ದ ಕೈಯನ್ನು ಕೊಂದದ್ದು ಪಿಯಾನೊ.

ಮೂರು ವರ್ಷ ಅವನು ಇದನ್ನು ಯಾರಿಗೂ ಹೇಳಲಿಲ್ಲ. ಬಲಗೈಯ ಸ್ವರಗಳನ್ನು ಎಡಗೈಗೆ ಕದ್ದು ದಾಟಿಸಿದ. ವೇಗದ ಕೃತಿಗಳನ್ನು ಕೈಬಿಟ್ಟ. ಲಂಡನ್ನಿನ ವಿಮರ್ಶಕನೊಬ್ಬ ಅದನ್ನು "ಮಾಗಿದ ಸಂಯಮ" ಎಂದು ಹೊಗಳಿದ. ಆಮೇಲೆ ಅದೂ ಆಗದೆ ಜ್ವರ, ನೆಗಡಿ, ಬೆನ್ನುನೋವು ಎಂದು ಕಚೇರಿಗಳನ್ನು ರದ್ದು ಮಾಡತೊಡಗಿದ. ಅವನು ಕುಡಿಯುತ್ತಾನಂತೆ ಎಂಬ ಗುಸುಗುಸು ಹುಟ್ಟಿತು. ನುಡಿಸಲಾಗದ ನೋವನ್ನು ಅವನು ಹೇಗೋ ನುಂಗಿಕೊಂಡಾನು. "ಕುಲ್ದಾರ್ ವಾರಿಕ್ ಕಥೆ ಮುಗೀತು, ಕೈಲಾಗಲ್ಲ" ಎಂದು ಜನ ಆಡಿಕೊಳ್ಳುವುದನ್ನು ಮಾತ್ರ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಮಳೆಯಲ್ಲಿ ಕಾರು ಮಗುಚಿ ಕೈ ಹೋದವನಿಗೆ ಲೋಕ ಕಣ್ಣೀರು ಸುರಿಸುತ್ತದೆ. ಬೆರಳು ತಾನೇ ಮಡಚಿಕೊಂಡವನನ್ನು ಕಂಡರೆ ಮುಖ ತಿರುಗಿಸುತ್ತದೆ. ಈ ಲೆಕ್ಕಾಚಾರ ಅವನ ತಲೆಯಲ್ಲಿ ಹಗಲಿರುಳು ನಡೆಯುತ್ತಿತ್ತು.

ಇಂಥ ಹೊತ್ತಿನಲ್ಲಿ ಊರಿಗೆ ಒಂದು ದೊಡ್ಡ ಪಿಯಾನೊ ಬಂತು. ಊರಿನ ಸಂಸ್ಕೃತಿ ಭವನವನ್ನು ನೋಡಿಕೊಳ್ಳುವ, ಅಲ್ಲಿಯ ಗಾಯನ ತಂಡವನ್ನೂ ನಡೆಸುವ ಸಿರ್ಯೆ ಎಂಬಾಕೆ ಎರಡು ವರ್ಷ ಮನೆ ಮನೆ ತಿರುಗಿ, ಕೇಕು ಮಾರಿ, ಕಾಲುಚೀಲ ಹೆಣೆದು ಮಾರಿ ಅದನ್ನು ತರಿಸಿದ್ದಳು. ಅಕ್ಟೋಬರದ ಎರಡನೆಯ ಶನಿವಾರ ಅದನ್ನು ಮೊದಲು ನುಡಿಸುವವನು ಕುಲ್ದಾರ್ ಎಂದು ಹೆಲ್ಗಿ ತಮ್ಮನನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟಿದ್ದಳು. ಹುಟ್ಟಿದಾಗಿನಿಂದ ಅವಳು ತಮ್ಮನ ಹತ್ತಿರ ಏನನ್ನೂ ಕೇಳಿದವಳಲ್ಲ. ಫೋನಿನಲ್ಲಿ ಅವನು ಇಲ್ಲವೆನ್ನಲಾಗದೆ ಹೂಂ ಅಂದ.

ಸೆಪ್ಟೆಂಬರ್ ಕೊನೆಯಲ್ಲಿ ಅವನು ಊರಿಗೆ ಬಂದ. ಮರುದಿನವೇ ಆಲೂಗಡ್ಡೆ ಕೀಳುವ ದಿನ. ಬೆಳಿಗ್ಗೆ ಅಡುಗೆಮನೆಯಲ್ಲಿ ಹೆಲ್ಗಿ ದೊಡ್ಡ ಪಾತ್ರೆಯಲ್ಲಿ ಹಂದಿಮಾಂಸದ ಸಾರು ಕುದಿಯಲು ಇಟ್ಟು, ಕರಿಬ್ರೆಡ್ಡು ಕೊಯ್ಯುತ್ತಿದ್ದಳು. ಅವನು ಬಂದು ಅವಳ ಮುಂದೆ ನಿಂತ.

"ಅಕ್ಕಾ, ನಾನೂ ಹೊಲಕ್ಕೆ ಬರ್ತೀನಿ."

"ಬಾ, ನೋಡು, ಹೋಗು. ಬೂಟ್ ಬಾಗಿಲ ಹತ್ರ ಇದೆ."

"ನೋಡೋಕಲ್ಲ. ಕೀಳೋಕೆ."

ಹೆಲ್ಗಿ ಚಾಕು ಕೆಳಗಿಟ್ಟಳು. "ತಲೆ ಕೆಟ್ಟಿದ್ಯಾ ನಿಂಗೆ? ಎರಡು ವಾರಕ್ಕೆ ನಿನ್ನ ಕಚೇರಿ. ಅಮ್ಮ ಗೋರಿಯಿಂದ ಎದ್ದು ಬಂದು ನನ್ನ ಕಪಾಳಕ್ಕೆ ಬಾರಿಸ್ತಾಳೆ."

"ಐವತ್ತನಾಲ್ಕು ವರ್ಷ ಆಯ್ತು ನಂಗೆ. ನಮ್ಮ ಹೊಲದ ಒಂದು ಆಲೂಗಡ್ಡೆನೂ ನನ್ನ ಕೈಯಾರೆ ಎತ್ತಿಲ್ಲ. ಊರಲ್ಲಿ ನನ್ನ ಹೆಸರು ಸೋಮಾರಿಗಳಿಗೆ ಬೈಗುಳ. ಒಂದೇ ಒಂದು ಸಲ, ಅಕ್ಕಾ."

ಅಕ್ಕನ ಮುಖದಲ್ಲಿ ಏನೋ ಕರಗಿದ್ದನ್ನು ಕುಲ್ದಾರ್ ಕಂಡ. ತಮ್ಮ ತನ್ನ ಬದುಕಿನ ಪಕ್ಕ ಬಂದು ಅರ್ಧ ದಿನ ಬಗ್ಗಿ ನಿಲ್ಲಲು ಬಯಸುತ್ತಿದ್ದಾನೆಂದು ಅವಳಿಗೆ ಅನ್ನಿಸಿತ್ತು. ಪಾಪ, ಹಾಗೇ ನಂಬಿದಳು. ಒಳಗೆ ಹೋಗಿ ದಪ್ಪ ಹತ್ತಿಯ ಕೈಗವಸು ತಂದು ತಾನೇ ಅವನ ಕೈಗೆ ಹಾಕಿದಳು, ಮಗುವಿಗೆ ಹಾಕುವಂತೆ ಒಂದೊಂದೇ ಬೆರಳು ಎಳೆದು.

"ಬರೀ ಆರಿಸೋದು. ಮೂಟೆ ಎತ್ತಬೇಡ. ಟ್ರೇಲರ್ ಹತ್ರ ಸುಳಿಯಬೇಡ. ತಿಳೀತಾ?"

ತಿಳಿಯಿತು ಎಂದ.

ಹೊಲದಲ್ಲಿ ಅವನನ್ನು ಕಂಡು ಜನರಿಗೆ ಹಬ್ಬ. ಟ್ರ್ಯಾಕ್ಟರಿನ ಎಂಡೆಲ್, ಎಪ್ಪತ್ತು ದಾಟಿದ ನೆರೆಮನೆಯ ಮುದುಕ, ಎಂಜಿನ್ನು ನಿಲ್ಲಿಸಿಯೇ ಬಿಟ್ಟ.

"ಓಹೋ! ಕುಲ್ದಾರನ ಕೈ ಮಣ್ಣಿಗೆ ಇಳೀತು! ಇವತ್ತು ಹಿಮ ಬೀಳುತ್ತೆ ನೋಡ್ರಯ್ಯ!"

"ಮಾಯೆಸ್ತ್ರೋ, ಬಕೆಟ್ ಆ ಕಡೆ ಅಲ್ಲ, ಈ ಕಡೆ ಹಿಡ್ಕೋ," ಎಂದು ಸಿರ್ಯೆ ಕೂಗಿದಳು. "ಇದಕ್ಕೂ ರಿಹರ್ಸಲ್ ಬೇಕಾ ನಿಂಗೆ?"

"ಚಪ್ಪಾಳೆ ತಟ್ಟಿದ್ರೆ ಮಾತ್ರ ಬಗ್ತೀನಿ," ಎಂದ ಕುಲ್ದಾರ್. ಎಲ್ಲರೂ ಬಿದ್ದು ಬಿದ್ದು ನಕ್ಕರು, ಹೆಲ್ಗಿ ಎಲ್ಲರಿಗಿಂತ ಜೋರಾಗಿ.

ಟ್ರ್ಯಾಕ್ಟರು ಸಾಲು ಬಗೆಯುತ್ತ ಹೋಗುತ್ತಿತ್ತು, ಹಿಂದೆ ಹಳದಿ ಗೆಡ್ಡೆಗಳು ಮಣ್ಣಿನ ಮೇಲೆ ಉರುಳುತ್ತಿದ್ದವು. ಕುಲ್ದಾರ್ ಬಗ್ಗಿ ಎತ್ತಿದ. ಅವನ ಉಂಗುರದ ಬೆರಳು ಚಾಚಿಕೊಂಡಿತು. ಕಿರುಬೆರಳೂ. ಸಲೀಸಾಗಿ, ನೆಟ್ಟಗೆ, ಇಪ್ಪತ್ತರ ಹರೆಯದಲ್ಲಿದ್ದ ಹಾಗೆ ಅವು ಗೆಡ್ಡೆಯನ್ನು ಸುತ್ತಿ ಹಿಡಿದವು. ಇನ್ನೊಂದು ಎತ್ತಿದ, ಹತ್ತು ಎತ್ತಿದ. ಪಿಯಾನೊದ ಬಿಳಿ ಕರಿ ಮನೆಗಳ ಮೇಲೆ ಸತ್ತುಬೀಳುವ ಬೆರಳುಗಳು ಇಲ್ಲಿ ಜೀವಂತವಾಗಿದ್ದವು. ಅದೃಷ್ಟ ಮುಖಕ್ಕೇ ಉಗಿಯುವುದಾದರೆ ಇದಕ್ಕಿಂತ ಚೆನ್ನಾಗಿ ಉಗಿಯಲಾರದು. ಅವನಿಗೆ ಅಳು ಬಂತು, ಮಣ್ಣಿನ ಕೈಯಿಂದ ಕಣ್ಣು ಒರೆಸಿಕೊಂಡ. ಪಕ್ಕದ ಸಾಲಿನಲ್ಲಿದ್ದ ಹೆಲ್ಗಿ ಅದನ್ನು ನೋಡಿ ತನ್ನ ಕಣ್ಣನ್ನೂ ಒರೆಸಿಕೊಂಡಳು.

ಮಧ್ಯಾಹ್ನ ಹೊಲದ ಅಂಚಿನಲ್ಲೇ ಊಟ. ಬೇಯಿಸಿದ ಹೊಸ ಆಲೂಗಡ್ಡೆ, ಸಾರು, ಉಪ್ಪಿನ ಮೀನು, ಹುಳಿಕೆನೆ. ಅಷ್ಟು ರುಚಿಯಾಗಿ ಅವನು ಎಷ್ಟೋ ವರ್ಷದಿಂದ ಉಂಡಿರಲಿಲ್ಲ. ಬಂದ ಉದ್ದೇಶವನ್ನು ಬಿಟ್ಟುಬಿಡೋಣ, ಸಂಜೆ ಸೌನಾದಲ್ಲಿ ಹಬೆಸ್ನಾನ ಮುಗಿಸಿ ಬಂದ ಮೇಲೆ ಅಕ್ಕನ ಮುಂದೆ ಎಲ್ಲ ಹೇಳಿಕೊಳ್ಳೋಣ ಎಂದು ಒಂದು ಗಳಿಗೆ ಅವನಿಗೆ ಅನ್ನಿಸಿತು. ಆಗ ಸಿರ್ಯೆ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ಒಂದು ಸೀಟೂ ಉಳಿದಿಲ್ಲ ಗೊತ್ತಾ? ತಾಲಿನ್ನಿಂದ ಟೀವಿಯವರು ಬರ್ತಿದಾರೆ. ನಿನ್ನ ಬೆರಳುಗಳ ಮೇಲೇ ಒಂದು ಕ್ಯಾಮೆರಾ ಇಡ್ತಾರಂತೆ. ಹತ್ತಿರದಿಂದ ತೋರಿಸ್ತಾರಂತೆ ಕಣೋ!"

ಕುಲ್ದಾರ್ ಅರ್ಧ ಉಂಡ ತಟ್ಟೆಯನ್ನು ಕೆಳಗಿಟ್ಟ.

ನಾಲ್ಕು ಗಂಟೆಯ ಹೊತ್ತಿಗೆ ಟ್ರೇಲರು ತುಂಬಿತು. ಅದರ ಹಿಂಬದಿಗೆ ಕೆಳಕ್ಕೆ ಜೋತುಬಿದ್ದ ಕಬ್ಬಿಣದ ಹಲಗೆ. ತುಂಬಿದ ಮೇಲೆ ಯಾರಾದರೂ ಭುಜ ಕೊಟ್ಟು ಅದನ್ನು ಮೇಲಕ್ಕೆ ಎತ್ತಿ ರಪ್ಪನೆ ತಳ್ಳಬೇಕು, ಆಗ ಚಿಲಕ ಬೀಳುತ್ತದೆ. ಬೆಳಿಗ್ಗೆಯಿಂದ ಅದನ್ನು ಎಂಡೆಲ್ ಮುಚ್ಚುತ್ತಿದ್ದುದನ್ನು ಕುಲ್ದಾರ್ ಗಮನಿಸಿದ್ದ. ಅವನು ಜಾರುತ್ತಿದ್ದ ಮೂಟೆಯೊಂದನ್ನು ಸರಿಪಡಿಸುವವನಂತೆ ಹತ್ತಿರ ಹೋದ. ಬಲಗೈಯ ಅದೇ ಎರಡು ಬೆರಳುಗಳನ್ನು ಹಲಗೆ ಬಂದು ಕೂರುವ ಅಂಚಿನ ಮೇಲೆ ಇಟ್ಟ. ಬೆರಳು ಅಲುಗಲಿಲ್ಲ.

ಎಂಡೆಲ್ ಸೊಂಟ ಹಿಡಿದುಕೊಂಡು ನಿಂತಿದ್ದ. "ಬಿಡು, ನಾನು ತಳ್ತೀನಿ," ಎಂದು ಹೆಲ್ಗಿ ಆ ಬದಿಯಿಂದ ಬಂದು ಹಲಗೆಗೆ ಭುಜ ಕೊಟ್ಟಳು.

"ಕೈ ತೆಗೀರಿ!" ಎಂಡೆಲ್ ಎಂದಿನಂತೆ ಕೂಗಿದ.

ಹಲಗೆ ಮೇಲೇಳುತ್ತಿತ್ತು. ಅದರ ಅಂಚಿನಾಚೆ ಅಕ್ಕನ ಕೆಂಪೇರಿದ ಮುಖ ಕುಲ್ದಾರನಿಗೆ ಕಂಡಿತು. ತಳ್ಳುತ್ತಿರುವವಳು ಅವಳೇ ಎಂದು ಅವನಿಗೆ ಗೊತ್ತಾಯಿತು. ಕೈ ತೆಗೆಯಲು ಬೇಕಾದಷ್ಟು ಸಮಯವಿತ್ತು. ಅವನು ತೆಗೆಯಲಿಲ್ಲ.

ವಿಲ್ಯಂದಿಯ ಆಸ್ಪತ್ರೆಯಲ್ಲಿ ಎರಡು ಬೆರಳುಗಳ ಮೂಳೆಗಳನ್ನು ಚೂರು ಚೂರು ಜೋಡಿಸಿದರು. ಇನ್ನು ಅವು ಮಡಚುವುದಿಲ್ಲ, ಚಾಚುವುದೂ ಇಲ್ಲ ಎಂದರು. ಮೂರೇ ದಿನದಲ್ಲಿ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಮಹಾನ್ ಪಿಯಾನೊ ವಾದಕನ ಬದುಕನ್ನು ಆಲೂಗಡ್ಡೆಯ ಹೊಲ ನುಂಗಿತು ಎಂದು ಜರ್ಮನ್ ಪತ್ರಿಕೆ ಬರೆಯಿತು. ಅವನ ಫೋನು ಎತ್ತುವುದನ್ನೇ ನಿಲ್ಲಿಸಿದ್ದ ಹ್ಯಾಂಬರ್ಗ್‌ನ ಏಜೆಂಟು ಬಿಕ್ಕಿ ಬಿಕ್ಕಿ ಅತ್ತಳು. ಜಪಾನಿನಿಂದ ರಾಶಿ ರಾಶಿ ಪತ್ರ ಬಂದವು. ಅವನ ಹಳೆಯ ರೆಕಾರ್ಡುಗಳು ಹೊಸ ರಟ್ಟಿನಲ್ಲಿ ಅಂಗಡಿಗೆ ಬಂದವು. ತಾಲಿನ್ನಿನಲ್ಲಿ ಅವನಿಗೆ ಪ್ರೊಫೆಸರ್ ಹುದ್ದೆ ಸಿಕ್ಕಿತು. ಕುಡಿಯುತ್ತಾನೆ ಎಂದವರು ಬಾಯಿ ಮುಚ್ಚಿಕೊಂಡರು. ಅವನು ಬಯಸಿದ್ದೆಲ್ಲ ಅಳತೆ ತಪ್ಪದೆ ಕೈಗೂಡಿತು.

ಊರಿನಲ್ಲಿ ಆದದ್ದು ಅವನಿಗೆ ತಿಳಿದದ್ದು ಏಪ್ರಿಲ್ ಕೊನೆಯಲ್ಲಿ. ನಿಂತುಹೋಗಿದ್ದ ಪಿಯಾನೊ ಉದ್ಘಾಟನೆಯನ್ನು ಆ ಶನಿವಾರಕ್ಕೆ ಇಟ್ಟುಕೊಂಡಿದ್ದರು. ಅವನ ವಿದ್ಯಾರ್ಥಿನಿ ನುಡಿಸುವುದು, ಅವನು ಎರಡು ಮಾತಾಡುವುದು ಎಂದು ಗೊತ್ತಾಗಿತ್ತು. ಎರಡು ದಿನ ಮುಂಚೆಯೇ ಬಂದವನನ್ನು ಎಂಡೆಲ್ ಗೇಟಿನಲ್ಲಿ ತಡೆದ.

"ಹೆಲ್ಗಿ ಈ ಸಲ ನಾಟಿ ಮಾಡಲ್ವಂತೆ. ಹೊಲಕ್ಕೆ ಹುಲ್ಲು ಬಿತ್ತಿಬಿಟ್ಟಿದಾಳೆ. ನೀನಾದ್ರೂ ಹೇಳಯ್ಯ."

"ಯಾಕೆ?"

"ಯಾಕೆ ಅಂತೀಯಾ?" ಎಂಡೆಲ್ ಟೋಪಿ ತೆಗೆದು ತಲೆ ಕೆರೆದ. "ಯಾರೂ ಅವಳಿಗೆ ಎದುರಿಗೆ ಏನೂ ಅಂದಿಲ್ಲ, ನಮ್ಮ ಜನ ಗೊತ್ತಲ್ಲ. ಅಂಚೆ ತಂದ್ರೆ ತಗೊಂಡು ಬಾಗಿಲು ಹಾಕ್ಕೋತಾರೆ. ಗೇಟಲ್ಲಿ ನಿಂತು ಮಾತಾಡಲ್ಲ. ಗಾಯನ ತಂಡದಲ್ಲಿ ಅವಳ ಪಕ್ಕ ನಿಲ್ಲೋಕೆ ಒಬ್ರಿಗೂ ಮನಸ್ಸಿಲ್ಲ, ಅವಳೇ ಬಿಟ್ಟುಬಿಟ್ಟಳು, ಮೂವತ್ತು ವರ್ಷ ಹಾಡಿದವಳು. ಈಗ ಊರಲ್ಲಿ ಹೊಸ ಮಾತು ಹುಟ್ಟಿದೆ. ಯಾರಾದ್ರೂ ಕೈಯಲ್ಲಿದ್ದ ಬಂಗಾರ ಹಾಳು ಮಾಡಿದ್ರೆ, ಹೆಲ್ಗಿ ಆಲೂಗಡ್ಡೆ ಕಿತ್ತ ಹಾಗಾಯ್ತು ಅಂತಾರೆ."

ಕುಲ್ದಾರ್ ಒಳಗೆ ಹೋದ. ಹೆಲ್ಗಿ ಮಕರೋನಿ ಬೇಯಿಸಿಟ್ಟಿದ್ದಳು. ಆ ಮನೆಯ ಮೇಜಿನ ಮೇಲೆ ಆಲೂಗಡ್ಡೆ ಇಲ್ಲದ ಊಟವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳು ಇಳಿದುಹೋಗಿದ್ದಳು, ಕುತ್ತಿಗೆಯ ಚರ್ಮ ಸಡಿಲವಾಗಿತ್ತು. ಅವನ ಎದುರಿಗೆ ಕೂತು ನೇರವಾಗಿ ಕೇಳಿದಳು.

"ಏಳು ತಿಂಗಳು ಕಾದಿದೀನಿ, ನೀನೇ ಹೇಳ್ತೀಯ ಅಂತ. ಎಂಡೆಲ್ ಕೂಗಿದ. ನೀನು ನನ್ನ ಮುಖ ನೋಡಿದೆ. ಕೈ ತೆಗೀಲಿಲ್ಲ. ನಾನೇನು ದ್ರೋಹ ಮಾಡಿದ್ದೆ ನಿಂಗೆ?"

"ಅಕ್ಕಾ, ಗಾಬರಿಯಲ್ಲಿ..."

"ಬೇಡ. ಸುಳ್ಳು ಬೇಡ. ಊರಿಗೆಲ್ಲ ಹೇಳ್ಕೋ, ನನ್ನ ಅಡುಗೆಮನೆಯಲ್ಲಿ ಬೇಡ."

ಅವನು ಹೇಳಿದ. ವಿಯೆನ್ನಾ, ವೈದ್ಯ, ಎಡಗೈಗೆ ದಾಟಿಸಿದ ಸ್ವರಗಳು, ಜ್ವರದ ನೆಪಗಳು, ಬೆರಳಿನ ಮೇಲೆ ಇಡಲಿದ್ದ ಕ್ಯಾಮೆರಾ. ಹೇಳಿ ಮುಗಿಸುವಷ್ಟರಲ್ಲಿ ಮಕರೋನಿ ಆರಿತ್ತು. ಹೆಲ್ಗಿ ಬಯ್ಯಲಿಲ್ಲ. ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದಳು. ಗಂಟು ಗಂಟಾದ, ಹೆಬ್ಬೆರಳು ಸೊಟ್ಟಗಾದ ಕೈಗಳು.

"ಮೂರು ವರ್ಷ," ಎಂದಳು ಕೊನೆಗೆ. "ಆ ಮೂರು ವರ್ಷದಲ್ಲಿ ನೀನು ಎರಡು ಸಲ ಕ್ರಿಸ್‌ಮಸ್‌ಗೆ ಬಂದಿದ್ದೆ. ಒಲೆಗೆ ಒಂದು ಸೌದೆ ಹಾಕೋಕೂ ನಿನ್ನ ಬಿಡಲಿಲ್ಲ ನಾನು. ಭುಜ ನೋವಲ್ಲಿ ಮೈನಸ್ ಇಪ್ಪತ್ತರಲ್ಲಿ ಹೋಗಿ ಹೊತ್ತು ತರ್ತಿದ್ದೆ. ಆವಾಗ ಒಳಗೊಳಗೇ ನಗ್ತಿದ್ಯಾ?"

"ಇಲ್ಲ ಅಕ್ಕಾ. ಹೇಳೋಕೆ ನಾಚಿಕೆ ಆಗ್ತಿತ್ತು."

"ನಾಚಿಕೆ ನಿಂಗೆ. ಅದನ್ನ ಹೊತ್ಕೊಂಡು ಮನೆ ಮನೆ ತಿರುಗ್ತಿರೋಳು ನಾನು." ಅವಳು ಎದ್ದು ತಟ್ಟೆಗಳನ್ನು ತೆಗೆದಳು. ಬೆನ್ನು ತಿರುಗಿಸಿಯೇ ಹೇಳಿದಳು. "ನಂಗೆ ಹಳೇದೇನೂ ಬೇಡ. ನಿಲ್ಲಿಸಿದ ಪಾಠ ಬೇಡ, ಹಾಲು ಕರೆದ ಬೆಳಗು ಬೇಡ. ಶನಿವಾರ ಆ ವೇದಿಕೆ ಮೇಲೆ ನಿಂತು ಇಷ್ಟೇ ಹೇಳು: ನನ್ನ ಕೈ ಮೊದಲೇ ಹೋಗಿತ್ತು, ಹೆಲ್ಗಿ ತಪ್ಪಲ್ಲ. ಎರಡು ಮಾತು. ಆಮೇಲೆ ನೀನು ಪ್ರೊಫೆಸರ್ರೇ ಆಗಿರು, ಏನು ಬೇಕಾದ್ರೂ ಆಗಿರು."

"ಹೇಳ್ತೀನಿ," ಎಂದ ಕುಲ್ದಾರ್. "ಖಂಡಿತ ಹೇಳ್ತೀನಿ." ಅವನು ಆ ಮಾತನ್ನು ಮನಸಾರೆ ಆಡಿದ್ದ. ಅಂದು ನಿದ್ದೆಯೂ ಚೆನ್ನಾಗಿ ಬಂತು.

ಶನಿವಾರ ಸಂಜೆ ಸಂಸ್ಕೃತಿ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಲ್ಗಿ ಒಂಬತ್ತು ತಿಂಗಳ ಹಿಂದೆ ಇದೇ ದಿನಕ್ಕೆಂದು ಹೊಲಿಸಿದ್ದ ನೀಲಿ ಉಡುಪು ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಕೂತಳು. ಅವಳ ಎರಡೂ ಪಕ್ಕದ ಕುರ್ಚಿಗಳು ಖಾಲಿಯೇ ಉಳಿದವು. ಜನ ಗೋಡೆಗೆ ಒರಗಿ ನಿಂತರೇ ಹೊರತು ಅಲ್ಲಿ ಕೂರಲಿಲ್ಲ. ವಿದ್ಯಾರ್ಥಿನಿ ನುಡಿಸಿದಳು, ಚೆನ್ನಾಗಿಯೇ ನುಡಿಸಿದಳು. ಅವಳ ಉಂಗುರದ ಬೆರಳನ್ನು ನೋಡದಿರಲು ಕುಲ್ದಾರ್ ಚಾವಣಿ ನೋಡುತ್ತ ಕೂತಿದ್ದ.

ಆಮೇಲೆ ಸಿರ್ಯೆ ಅವನ ಹೆಸರು ಕರೆದಳು. ಅವನು ಮೆಟ್ಟಿಲು ಹತ್ತಿ, ಪಿಯಾನೊದ ಪಕ್ಕ ನಿಂತು, ಸೆಟೆದ ಎರಡು ಬೆರಳುಗಳ ಕೈಯನ್ನು ಅದರ ಕಪ್ಪು ಮೈಯ ಮೇಲಿಟ್ಟ. ಇನ್ನೂ ಬಾಯಿ ತೆರೆದಿರಲಿಲ್ಲ. ಮೊದಲ ಸಾಲಿನಲ್ಲಿ ಒಬ್ಬಳು ಬಿಕ್ಕಿದಳು. ಯಾರೋ ಎದ್ದರು, ಅವರ ಹಿಂದೆ ಎಲ್ಲರೂ ಎದ್ದರು. ಚಪ್ಪಾಳೆ ಶುರುವಾಯಿತು. ನಮ್ಮ ಜನ ಸುಮ್ಮಸುಮ್ಮನೆ ಎದ್ದು ನಿಲ್ಲುವವರಲ್ಲ. ಅಂಥ ಚಪ್ಪಾಳೆ ಕಿವಿಗೆ ಬಿದ್ದು ಅವನಿಗೆ ನಾಲ್ಕು ವರ್ಷವಾಗಿತ್ತು. ಅದು ಮೈಗೆ ಹತ್ತಿ ಇಳಿಯುವವರೆಗೆ ಅವನು ಕಣ್ಣು ಮುಚ್ಚಿ ನಿಂತಿದ್ದ. ಹಸಿದವನ ಬಾಯಿಗೆ ಅನ್ನ ಬಿದ್ದಂತಿತ್ತು ಅವನ ಮುಖ.

ಸದ್ದು ಅಡಗಿತು. ಜನ ಕೂತರು. ಟೀವಿಯವರ ಕ್ಯಾಮೆರಾ ಅವನ ಕೈಯಿಂದ ಮುಖಕ್ಕೆ ಬಂತು.

"ನನ್ನ ಕೈ ಬಗ್ಗೆ ನಿಮಗೆ ಒಂದು ವಿಷಯ ಹೇಳ್ಬೇಕು," ಎಂದ.

ಹಿಂದಿನ ಸಾಲಿನಲ್ಲಿ ಹೆಲ್ಗಿ ನೆಟ್ಟಗೆ ಕೂತಳು. ಹೇಳಬೇಕಾದ ಎರಡು ಮಾತು ಅವನ ನಾಲಿಗೆಯ ಮೇಲೇ ಇದ್ದವು. ಅವನ್ನು ಆಡಿದ ಮರುಗಳಿಗೆಯ ಮೌನ ಹೇಗಿರುತ್ತದೆಂದು ಅವನಿಗೆ ಕಂಡಿತು. ಮೊದಲ ಸಾಲಿನ ಒದ್ದೆ ಕಣ್ಣುಗಳು ಒಣಗುವುದು, ಪಕ್ಕದವರ ಮುಖ ನೋಡುವುದು, ಕಾಫಿ ಮೇಜಿನ ಬಳಿ ಯಾರೂ ಅವನ ಹತ್ತಿರ ಬರದಿರುವುದು.

"ಈ ಊರು ನನ್ನ ಕೈನ ಕಾಪಾಡ್ತು," ಎಂದ. "ಅದು ಹೋದದ್ದೂ ಈ ಊರಿನ ಮಣ್ಣಲ್ಲೇ. ನಂಗೆ ಗೊತ್ತು, ನಿಮಗೆಲ್ಲ ಒಬ್ಬರ ಮೇಲೆ ಕೋಪ ಇದೆ." ಅವನು ಅತ್ತ. ಆ ಅಳು ನಿಜವಾದದ್ದೇ; ತಾನು ಏನು ಹೇಳಲಿದ್ದೇನೆಂದು ಅವನಿಗೆ ಆಗಲೇ ಗೊತ್ತಾಗಿತ್ತು. "ಬೇಡ. ನಾನು ನಮ್ಮಕ್ಕನ್ನ ಯಾವತ್ತೋ ಕ್ಷಮಿಸಿದೀನಿ. ನೀವೂ ಅವಳನ್ನ ಕ್ಷಮಿಸಿ."

ಸಭೆ ಮತ್ತೆ ಎದ್ದಿತು. ಈ ಸಲ ಅರ್ಧ ಜನ ಅತ್ತರು. ಎಲ್ಲರೂ ಹಿಂದಕ್ಕೆ ತಿರುಗಿದರು, ಕ್ಯಾಮೆರಾವೂ ತಿರುಗಿತು. ಎಂಡೆಲ್ ಟೋಪಿ ಹಿಡಿದುಕೊಂಡು ಹೆಲ್ಗಿಯ ಪಕ್ಕದ ಖಾಲಿ ಕುರ್ಚಿಗೆ ಹೋಗಿ ಕೂತು, "ನೋಡು ಹೆಲ್ಗಿ, ಎಂಥ ತಮ್ಮ ನಿಂಗೆ! ಎಂಥ ಮನಸ್ಸು!" ಎಂದು ಅವಳ ಭುಜ ತಟ್ಟಿದ. ಏಳು ತಿಂಗಳು ಬಾಗಿಲು ಹಾಕಿಕೊಂಡಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದರು. ಸಿರ್ಯೆ ಕಲಾವಿದೆಗೆಂದು ತಂದಿದ್ದ ಹೂಗುಚ್ಛವೊಂದನ್ನು ಅವಳ ತೋಳಿಗೆ ತುರುಕಿ, ಸೊಂಟ ಬಳಸಿ ವೇದಿಕೆಗೆ ಕರೆತಂದಳು. "ತಗ್ಗು ದನಿಯ ಆಲ್ಟೊ ಸಾಲಲ್ಲಿ ನಿನ್ನ ಜಾಗ ಹಾಗೇ ಇದೆ. ಬಾ, ಇವತ್ತೇ ಹಾಡು. ಅವನೇ ಮರೆತ ಮೇಲೆ ನಾವ್ಯಾರು?"

ಹೆಲ್ಗಿ ತಮ್ಮನ ಎದುರು ಬಂದು ನಿಂತಳು. ಸಭೆ ಇಬ್ಬರೂ ಅಪ್ಪಿಕೊಳ್ಳಲೆಂದು ಕಾಯಿತು. ಕುಲ್ದಾರ್ ತೋಳು ಚಾಚಿದ. ಅವಳು ಹೂವುಗಳನ್ನು ಎದೆಗೆ ಒತ್ತಿಕೊಂಡೇ ಅವನ ಕಿವಿಯ ಹತ್ತಿರ ಬಾಗಿದಳು. ನೋಡುವವರಿಗೆ ಮುತ್ತು ಕೊಟ್ಟಂತೆಯೇ ಕಂಡಿತು.

"ಇನ್ನು ಇವರೆಲ್ಲ ನನ್ನ ಜೊತೆ ಮಾತಾಡ್ತಾರೆ," ಎಂದಳು. "ನಾನು ಸಾಯೋವರೆಗೂ ಕ್ಷಮಿಸ್ತಾನೇ ಇರ್ತಾರೆ. ನಿಜ ಹೇಳಿದ್ರೂ ಇನ್ನು ಯಾರೂ ನಂಬಲ್ಲ, ಕೃತಘ್ನೆ ಅಂತಾರೆ. ಹೋಗು ಕುಲ್ದಾರ್. ನನ್ನ ಮನೆಗೆ ಮತ್ತೆ ಕಾಲಿಡಬೇಡ."

ಅವಳು ಹೋಗಿ ಆಲ್ಟೊ ಸಾಲಿನಲ್ಲಿ ನಿಂತಳು. ಹೆಂಗಸರು ಸರಿದು ಜಾಗ ಮಾಡಿಕೊಟ್ಟರು. ಸಿರ್ಯೆ ಕೈ ಎತ್ತಿದಳು, ಹಾಡು ಶುರುವಾಯಿತು, ಹೆಲ್ಗಿಯೂ ಬಾಯಿ ತೆರೆದು ಹಾಡಿದಳು. ಕ್ಯಾಮೆರಾ ಕುಲ್ದಾರನ ಮುಖದ ಮೇಲೆಯೇ ಇದ್ದುದರಿಂದ ಅವನು ಮೊದಲ ಸಾಲಿನಲ್ಲಿ ಕೂತು ಕೊನೆಯವರೆಗೂ ಕೇಳಬೇಕಾಯಿತು.